ಒಂದೇ ಪುಡಿ, ಹಲವು ವೇಷ: ಮೂಳೆ ಬೆಳೆಸಲು ಕಿಣ್ವದಂತೆ ವರ್ತಿಸುವ ವಸ್ತುಗಳಲ್ಲಿ ಯಾವುದನ್ನು ಆರಿಸಬೇಕು?

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ದಂತ ವೈದ್ಯಕೀಯ, ಫಾರ್ಮಸಿ, ರಸಾಯನಶಾಸ್ತ್ರ ಅಥವಾ ಬಯೋಟೆಕ್ನಾಲಜಿ ಥೀಸಿಸ್ಸಿಗೆ ಮೂಳೆ ಮರುಬೆಳೆಸುವ ವಸ್ತು ಹುಡುಕುವವರ ಮುಂದೆ ಈಗ ನಾಲ್ಕೈದು ಹೆಸರು ಮತ್ತೆ ಮತ್ತೆ ಬರುತ್ತವೆ. ಸೀರಿಯಂ ಆಕ್ಸೈಡ್, ಮ್ಯಾಂಗನೀಸ್ ಆಕ್ಸೈಡ್, ಪ್ರಶ್ಯನ್ ಬ್ಲೂ, ಕಬ್ಬಿಣದ ಆಕ್ಸೈಡ್. ಇವುಗಳ ಜೊತೆಗೆ ಅಸಲಿ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್. ಮೊದಲ ನಾಲ್ಕರಂತೆ ಕಿಣ್ವದ ಕೆಲಸ ಮಾಡುವ ಅತಿ ಸಣ್ಣ ಕಣದ ಪುಡಿಗಳಿಗೆ ನ್ಯಾನೊಜೈಮ್ ಎನ್ನುತ್ತಾರೆ. ಪ್ರತಿಯೊಂದರ ಬಗ್ಗೆಯೂ "ಇದು ಕೆಟಲೇಸ್‌ನಂತೆ", "ಇದು ಡಿಸ್ಮ್ಯುಟೇಸ್‌ನಂತೆ" ಎಂದು ಬರೆದಿರುತ್ತದೆ (ಕೆಟಲೇಸ್ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವ ಕಿಣ್ವ; ಡಿಸ್ಮ್ಯುಟೇಸ್ ಸೂಪರಾಕ್ಸೈಡನ್ನು ಪೆರಾಕ್ಸೈಡ್ ಆಗಿಸುವ ಕಿಣ್ವ). ಆ ಹೆಸರನ್ನು ನಂಬಿ ಆರಿಸಿದವರು ಆರು ತಿಂಗಳಾದ ಮೇಲೆ ಕೈಚೆಲ್ಲುತ್ತಾರೆ. ಕಿಣ್ವದ ಗುಣ ಪುಡಿಯೊಳಗೆ ಕೂತಿಲ್ಲ. ಸುತ್ತಲಿನ ಪಿಎಚ್, ಫಾಸ್ಫೇಟ್, ಪೆರಾಕ್ಸೈಡ್ ಎಷ್ಟಿದೆ ಎನ್ನುವುದರ ಮೇಲೆ ಅದೇ ಪುಡಿ ಬೇರೆ ಬೇರೆ ವೇಷ ಕಟ್ಟುತ್ತದೆ. ಹಾಗಾಗಿ ಮೊದಲು ಗಾಯವನ್ನು ಓದಬೇಕು, ಆಮೇಲೆ ನಿಮ್ಮ ಕಾಲೇಜಿನ ಉಪಕರಣವನ್ನು ನೋಡಬೇಕು, ಪುಡಿಯ ಹೆಸರು ಕೊನೆಗೆ.

ರೋಗಿಯ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮಾಡುವಾಗಲೋ ಮೆಣಸು ಕೊಯ್ಯುವ ಏಣಿಯಿಂದಲೋ ಬಿದ್ದು ಮೂಳೆಯಲ್ಲಿ ದೊಡ್ಡ ಅಂತರ ಉಳಿದವರಿಗೆ ಇವತ್ತು ಆಪರೇಷನ್ ಥಿಯೇಟರಿನಲ್ಲಿ ಸಿಗುವ ಆಯ್ಕೆಗಳೇ ಬೇರೆ. ಸೊಂಟದ ಮೂಳೆಯಿಂದ ತೆಗೆದ ಸ್ವಂತ ಮೂಳೆ, ಬ್ಯಾಂಕಿನ ಮೂಳೆ, ಕ್ಯಾಲ್ಸಿಯಂ ಫಾಸ್ಫೇಟ್ ಕಾಳು, ಬಯೋಆಕ್ಟಿವ್ ಗ್ಲಾಸ್ ಇವು. ಕೆಳಗೆ ಹೇಳುವ ಪುಡಿಗಳು ಇನ್ನೂ ಪ್ರಯೋಗಾಲಯದ ಸರಕು. ಇವನ್ನು ತಂದು ಹಾಕಿ ಎಂದು ಡಾಕ್ಟರನ್ನು ಕೇಳಿ ಪ್ರಯೋಜನವಿಲ್ಲ.

ಗಾಯದೊಳಗೆ ಏನು ನಡೆಯುತ್ತಿದೆ

ಮೂಳೆ ಮುರಿದ ಮೊದಲ ದಿನಗಳಲ್ಲಿ ಅಲ್ಲಿ ಹೆಪ್ಪುಗಟ್ಟಿದ ರಕ್ತ, ಉರಿಯೂತ ಮತ್ತು ಆಮ್ಲಜನಕದ ಕೊರತೆ ಇರುತ್ತದೆ. ಬಿಳಿ ರಕ್ತಕಣಗಳು ಸೂಪರಾಕ್ಸೈಡ್ (ಆಮ್ಲಜನಕದ ಚುರುಕು ರೂಪ) ಬಿಡುತ್ತವೆ, ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಇದು ಮಿತಿ ಮೀರಿದರೆ ಮೂಳೆ ಕಟ್ಟುವ ಕೋಶಗಳು ಹಿಂದೆ ಸರಿಯುತ್ತವೆ, ಮೂಳೆ ಕರಗಿಸುವ ಕೋಶಗಳಿಗೆ ಬಲ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮೂಳೆ ನಿಧಾನವಾಗಿ ಕೂಡಲು ಇದೂ ಒಂದು ಕಾರಣ. ಆದರೆ ಆರಂಭದ ಉರಿಯೂತವನ್ನು ಪೂರ್ತಿ ಒರೆಸಿ ಹಾಕುವುದೂ ತಪ್ಪೇ. ರಕ್ತನಾಳ ಹುಟ್ಟಲು, ಕಾಂಡಕೋಶಗಳು ಅತ್ತ ಸರಿಯಲು ಆ ಸಂಕೇತ ಬೇಕು. "ಹೆಚ್ಚು ಪುಡಿ, ಹೆಚ್ಚು ಮೂಳೆ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡೋಸ್ ಏರಿಸುತ್ತಾ ಹೋದರೆ ಫಲಿತಾಂಶ ಮೊದಲು ಏರಿ ಆಮೇಲೆ ಇಳಿಯುತ್ತದೆ, ಆ ಇಳಿಜಾರನ್ನೂ ನಿಮ್ಮ ಕೋಷ್ಟಕದಲ್ಲಿ ತೋರಿಸಬೇಕು. ಮಿಲಿಲೀಟರಿಗೆ 1, 5, 10, 25, 50, 100 ಮೈಕ್ರೊಗ್ರಾಂ ಎಂಬ ಆರು ಮೆಟ್ಟಿಲು ಸಾಕು.

ಸೋಂಕಿದ್ದರೆ ಕತೆ ತಿರುಗುತ್ತದೆ. ಕೀವಿರುವ ಜಾಗ ಹುಳಿ, ಅಂದರೆ ಪಿಎಚ್ ಕಡಿಮೆ. ಅಲ್ಲಿ ಪೆರಾಕ್ಸೈಡನ್ನು ತೆಗೆಯುವ ವಸ್ತು ಬೇಡ, ಅದನ್ನೇ ಬಳಸಿ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಬೇಕು.

ಕಬ್ಬಿಣದ ಆಕ್ಸೈಡ್: ನಮ್ಮ ಜಿಲ್ಲೆಗೆ ಹತ್ತಿರದ ಹೆಸರು, ಮೂಳೆಗೆ ಸ್ವಲ್ಪ ದೂರ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದು ತೆಗೆಯುತ್ತಿದ್ದ ಅದಿರು ಮ್ಯಾಗ್ನೆಟೈಟ್. ಅದೇ ಸಂಯುಕ್ತದ ನ್ಯಾನೊ ಕಣಗಳು ಪೆರಾಕ್ಸಿಡೇಸ್ ಕಿಣ್ವದಂತೆ (ಪೆರಾಕ್ಸೈಡ್ ಬಳಸಿ ಬೇರೆ ವಸ್ತುವನ್ನು ಉತ್ಕರ್ಷಿಸುವ ಕಿಣ್ವ) ವರ್ತಿಸುತ್ತವೆ ಎಂದು ಚೀನಾದ ಯಾನ್ ಷಿಯುನ್ ಅವರ ತಂಡ 2007ರಲ್ಲಿ ತೋರಿಸಿದ ಮೇಲೆ ಈ ಕ್ಷೇತ್ರ ಓಡಲು ಶುರುವಾಯಿತು. ನ್ಯಾನೊಜೈಮ್ ಎಂಬ ಪದ ಅದಕ್ಕೂ ಮುಂಚೆ, 2004ರಲ್ಲಿ, ಚಿನ್ನದ ಕಣಗಳ ಕುರಿತು ಇಟಲಿಯ ಸ್ಕ್ರಿಮಿನ್ ತಂಡ ಬಳಸಿದ್ದು. ಅದಿರಿನ ಗಟ್ಟಿಗೆ ಈ ಗುಣ ಕಾಣುವಷ್ಟು ಇರುವುದಿಲ್ಲ. ಕಣ ಹತ್ತಾರು ನ್ಯಾನೊಮೀಟರಿಗೆ ಇಳಿದಾಗ ಮೇಲ್ಮೈ ಹೆಚ್ಚಿ ಗುಣ ಎದ್ದು ಬರುತ್ತದೆ.

ಇದರ ಪರೀಕ್ಷೆ ಎಲ್ಲರಿಗೂ ಗೊತ್ತು: ಟಿಎಂಬಿ ಎಂಬ ಬಣ್ಣದ ವಸ್ತು, ಪೆರಾಕ್ಸೈಡ್, ಅಸಿಟೇಟ್ ಬಫರ್, ಪಿಎಚ್ 4, ನೀಲಿ ಬಂದರೆ 652 ನ್ಯಾನೊಮೀಟರಿನಲ್ಲಿ ಓದುವುದು. ಸುಲಭ, ಅಗ್ಗ, ಫೋಟೊ ಚೆನ್ನಾಗಿ ಬರುತ್ತದೆ. ಮೂಳೆಯ ವಿಷಯದಲ್ಲಿ ದಾರಿ ತಪ್ಪಿಸುವುದೂ ಇದೇ ಪರೀಕ್ಷೆ. ದೇಹದ ಪಿಎಚ್ 7.4. ಅಲ್ಲಿ ಕಬ್ಬಿಣದ ಆಕ್ಸೈಡಿನ ಪೆರಾಕ್ಸಿಡೇಸ್ ಗುಣ ಕುಗ್ಗಿ ಕೆಟಲೇಸ್ ಗುಣ ಮುಂದೆ ಬರುತ್ತದೆ. ಪಿಎಚ್ 4ರ ನೀಲಿಯನ್ನು ತೋರಿಸಿ "ಆದ್ದರಿಂದ ಮೂಳೆ ಕೋಶಕ್ಕೆ ರಕ್ಷಣೆ" ಎಂದು ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆ ಅಲ್ಲೇ ಬೀಳುತ್ತದೆ. ಹುಳಿಯಲ್ಲಿ ಇದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಕೋಶದ ಮಿತ್ರನಲ್ಲ.

ಹಾಗಾದರೆ ಸೋಂಕಿನ ಮೂಳೆಗೆ ಸರಿಯೇ? ತತ್ವದಲ್ಲಿ ಸರಿ. ಆದರೆ ಮೂಳೆಯ ಸೋಂಕಿನಲ್ಲಿ ಹೆಚ್ಚಾಗಿ ಸಿಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ತಾನೇ ಕೆಟಲೇಸ್ ತಯಾರಿಸುತ್ತದೆ. ನಿಮ್ಮ ಪುಡಿಗೆ ಬೇಕಾದ ಪೆರಾಕ್ಸೈಡನ್ನು ಅದೇ ಕುಡಿದು ಮುಗಿಸುತ್ತದೆ. ಸ್ಟ್ರೆಪ್ಟೊಕಾಕಸ್ ಬಳಸಿ ಚೆನ್ನಾಗಿ ಬಂದ ಫಲಿತಾಂಶ ಆರಿಯಸ್ ಮೇಲೆ ಬಿದ್ದುಹೋಗುವುದಕ್ಕೆ ಇದು ಕಾರಣವಾಗಬಹುದು, ಏಕೆಂದರೆ ಸ್ಟ್ರೆಪ್ಟೊಕಾಕಸ್‌ಗೆ ಕೆಟಲೇಸ್ ಇಲ್ಲ. ಎರಡನ್ನೂ ಪರೀಕ್ಷಿಸಿ.

ಸೀರಿಯಂ ಆಕ್ಸೈಡ್: ಮೊದಲ ಆಯ್ಕೆ, ಆದರೆ ಫಾಸ್ಫೇಟ್ ಎಂಬ ಕೊಕ್ಕೆ ಇದೆ

ಸೋಂಕಿಲ್ಲದ, ಉರಿಯೂತ ಹೆಚ್ಚಿರುವ ಗಾಯಕ್ಕೆ ನಾವು ಮೊದಲು ಸೂಚಿಸುವುದು ಇದನ್ನೇ. ಕಾರಣ ಸರಳ: ಸೀರಿಯಂ ಮೂರು ಧನ ಆವೇಶ ಮತ್ತು ನಾಲ್ಕು ಧನ ಆವೇಶದ ನಡುವೆ ಹೋಗಿ ಬಂದು ಮಾಡುತ್ತದೆ, ಹಾಗಾಗಿ ಒಂದು ಸಲ ಕೆಲಸ ಮಾಡಿ ಸತ್ತು ಹೋಗುವುದಿಲ್ಲ. ಮೂರರ ಪಾಲು ಹೆಚ್ಚಿದ್ದರೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಗುಣ, ನಾಲ್ಕರ ಪಾಲು ಹೆಚ್ಚಿದ್ದರೆ ಕೆಟಲೇಸ್ ಗುಣ. ಕಣ ಸಣ್ಣದಾದಷ್ಟೂ ಮೂರರ ಪಾಲು ಹೆಚ್ಚು.

ತಯಾರಿಗೆ ದೊಡ್ಡ ಉಪಕರಣ ಬೇಡ. ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ 4.34 ಗ್ರಾಂ, ಬಟ್ಟಿ ಇಳಿಸಿದ ನೀರು 100 ಮಿ.ಲೀ. ಇದು 0.1 ಮೋಲಾರ್. ಮ್ಯಾಗ್ನೆಟಿಕ್ ಸ್ಟಿರರ್ ಮೇಲಿಟ್ಟು ಅಮೋನಿಯಾವನ್ನು ಹನಿ ಹನಿಯಾಗಿ ಬಿಟ್ಟು ಪಿಎಚ್ 10ರ ಹತ್ತಿರ ತನ್ನಿ. ಮೊದಲು ಬರುವ ಮಾಸಲು ನೇರಳೆ ಛಾಯೆಯ ಗಸಿ ಗಾಳಿ ತಗುಲುತ್ತಾ ಹಳದಿಗೆ ತಿರುಗುತ್ತದೆ. ಹಳದಿ ಪೂರ್ತಿ ಬರುವ ತನಕ ಕಲಕುತ್ತಿರಿ, ಅವಸರಪಟ್ಟು ಸೋಸಿದರೆ ಮಿಶ್ರ ಪುಡಿ ಸಿಗುತ್ತದೆ. ಸೆಂಟ್ರಿಫ್ಯೂಜ್ ಮಾಡಿ ನೀರಿನಲ್ಲಿ ಮೂರು ಸಲ, ಎಥನಾಲ್‌ನಲ್ಲಿ ಒಂದು ಸಲ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ. ಲೆಕ್ಕದ ಪ್ರಕಾರ ಹೆಚ್ಚೆಂದರೆ 1.72 ಗ್ರಾಂ ಬರಬೇಕು. ತಕ್ಕಡಿಯಲ್ಲಿ 2 ಗ್ರಾಂ ತೋರಿಸಿದರೆ ಖುಷಿಪಡಬೇಡಿ, ಅದು ನೀರು ಅಥವಾ ತೊಳೆಯದೆ ಉಳಿದ ಅಮೋನಿಯಂ ನೈಟ್ರೇಟ್. ಕೆಲವರು ರೂಢಿಯಂತೆ 500 ಡಿಗ್ರಿಗೆ ಮಫಲ್ ಫರ್ನೇಸಿನಲ್ಲಿ ಸುಡುತ್ತಾರೆ. ಎಕ್ಸ್‌ಆರ್‌ಡಿ (ಹರಳಿನ ರಚನೆ ತೋರಿಸುವ ಎಕ್ಸ್‌ರೇ ಪರೀಕ್ಷೆ) ಗೆರೆ ಚೂಪಾಗಿ ಬರುತ್ತದೆ ನಿಜ, ಆದರೆ ಹರಳು ದೊಡ್ಡದಾಗಿ ಮೂರರ ಪಾಲು ಇಳಿಯುತ್ತದೆ. ಚಂದದ ಗ್ರಾಫಿಗಾಗಿ ಗುಣವನ್ನೇ ಸುಟ್ಟಂತೆ.

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಈ ನೈಟ್ರೇಟ್ ಬಾಟಲಿ ತೆರೆದಿಟ್ಟರೆ ಒಂದೇ ದಿನದಲ್ಲಿ ಬೆಲ್ಲದಂತೆ ಬೆವರುತ್ತದೆ. ಬೆವರಿದ ಉಪ್ಪಿನ 4.34 ಗ್ರಾಂನಲ್ಲಿ ಸೀರಿಯಂ ಎಷ್ಟಿದೆಯೋ ದೇವರೇ ಬಲ್ಲ. ಡೆಸಿಕೇಟರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಯಲುಸೀಮೆಯವರಿಗೆ ಬೇರೆ ಎಚ್ಚರಿಕೆ. ಅರಸೀಕೆರೆ, ಕಡೂರು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಫ್ಲೋರೈಡ್ ಸೀರಿಯಾದ (ಸೀರಿಯಂ ಆಕ್ಸೈಡಿನ ಚಿಕ್ಕ ಹೆಸರು) ಮೇಲ್ಮೈಗೆ ಅಂಟಿದರೆ ಅದರ ಆಕ್ಸಿಡೇಸ್ ಗುಣ ಬಹಳ ಪಟ್ಟು ಏರುತ್ತದೆ. ಅಂದರೆ ಕೋಶ ಕಾಯಬೇಕಾದ ಪುಡಿ ಕೋಶದ ಬಳಿ ಇರುವುದನ್ನೆಲ್ಲ ಉತ್ಕರ್ಷಿಸತೊಡಗುತ್ತದೆ. ಬೀಕರಿನ ಕೊನೆಯ ತೊಳೆತಕ್ಕೆ ನಲ್ಲಿ ನೀರು ಬೇಡವೇ ಬೇಡ.

ಈಗ ಕೊಕ್ಕೆಯ ವಿಷಯ. ಫಾಸ್ಫೇಟ್ ಸೀರಿಯಂಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕೆಲವು ನೂರು ಮೈಕ್ರೊಮೋಲಾರ್ ಇದ್ದರೂ ಸಾಕು, ಮೂರರ ಸೀರಿಯಂ ಸಿಕ್ಕಿಹಾಕಿಕೊಂಡು ಡಿಸ್ಮ್ಯುಟೇಸ್ ಗುಣ ಕುಸಿಯುತ್ತದೆ, ಕೆಟಲೇಸ್ ಗುಣ ಮೇಲೇಳುತ್ತದೆ. ಲ್ಯಾಬಿನ ಮಾಮೂಲಿ ಫಾಸ್ಫೇಟ್ ಬಫರ್ ಸಲೈನಿನಲ್ಲಿ ಫಾಸ್ಫೇಟ್ ಸುಮಾರು 10 ಮಿಲಿಮೋಲಾರ್. ರಕ್ತದಲ್ಲಿ 1 ಮಿಲಿಮೋಲಾರಿನ ಆಸುಪಾಸು. ಮೂಳೆಯಂತೂ ಫಾಸ್ಫೇಟಿನದೇ ಮನೆ. ಆದ್ದರಿಂದ ಫಾಸ್ಫೇಟ್ ಇಲ್ಲದ ಟ್ರಿಸ್ ಬಫರಿನಲ್ಲಿ ಅದ್ಭುತ ಡಿಸ್ಮ್ಯುಟೇಸ್ ಗುಣ ತೋರಿಸಿದ ಪುಡಿ ಮೂಳೆಯ ಜಾಗದಲ್ಲಿ ಅದೇ ಗುಣ ತೋರಿಸುತ್ತದೆ ಎಂದುಕೊಳ್ಳಬೇಡಿ. ಪುಡಿಯನ್ನು 1 ಮಿಲಿಮೋಲಾರ್ ಫಾಸ್ಫೇಟಿನಲ್ಲಿ ಒಂದು ದಿನ, ಮೂರು ದಿನ, ಏಳು ದಿನ ನೆನೆಸಿಟ್ಟು ಮತ್ತೆ ಅಳೆಯಿರಿ. ಇದನ್ನು ಮಾಡುವವರು ಕಡಿಮೆ. ಮಾಡಿದರೆ ನಿಮ್ಮ ಥೀಸಿಸ್ಸಿನ ಅತ್ಯಂತ ಗಟ್ಟಿ ಅಧ್ಯಾಯ ಅದೇ ಆಗುತ್ತದೆ. ಹೈಡ್ರಾಕ್ಸಿಅಪಟೈಟ್ ಅಥವಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕಾಳಿನ ಮೇಲೆ ಸೀರಿಯಾ ಹಚ್ಚುವ ಯೋಜನೆ ಇದ್ದವರಿಗೆ ಇದು ಇನ್ನೂ ಮುಖ್ಯ. ಜೆಲ್ಲಿನೊಳಗೆ, ಅಂದರೆ ಜೆಲಟಿನ್ ಅಥವಾ ಕೈಟೋಸಾನ್‌ನಲ್ಲಿ ಸೀರಿಯಾ ಹುದುಗಿಸಿದರೆ ಫಾಸ್ಫೇಟ್ ತಲುಪುವುದು ತಡವಾಗುತ್ತದೆ, ತಪ್ಪುವುದಿಲ್ಲ.

ಅಳೆಯುವಾಗ ಇನ್ನೊಂದು ಮೋಸ. ಪೆರಾಕ್ಸೈಡ್ ಕಡಿಮೆಯಾಗುವುದನ್ನು 240 ನ್ಯಾನೊಮೀಟರಿನಲ್ಲಿ ಓದುವುದು ಕೆಟಲೇಸಿನ ಹಳೆಯ ವಿಧಾನ. 10 ಮಿಲಿಮೋಲಾರ್ ಪೆರಾಕ್ಸೈಡ್ 0.436 ತೋರಿಸಬೇಕು. ಆದರೆ ಸೀರಿಯಾ ತಾನೇ ಆ ಜಾಗದಲ್ಲಿ ಬೆಳಕು ಹೀರುತ್ತದೆ, ಮೇಲಾಗಿ ಪೆರಾಕ್ಸೈಡ್ ಸೇರಿದ ಕೂಡಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಕಿತ್ತಳೆ ಮೇಲ್ಮೈಗೆ ಅಂಟಿದ ಪೆರಾಕ್ಸೈಡಿನದು. ಕೇವಲ ಅಂಟಿಕೊಂಡದ್ದನ್ನು ಕಂಡು "ವಿಭಜನೆಯಾಯಿತು" ಎಂದು ಬರೆಯುವ ಅಪಾಯ ಇಲ್ಲಿದೆ. ಪುಡಿಯನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ ಮೇಲಿನ ತಿಳಿಯನ್ನು ಪರ್ಮಾಂಗನೇಟ್ ಟೈಟ್ರೇಷನ್ ಮಾಡಿ. ಜೊತೆಗೆ ಕರಗಿದ ಆಮ್ಲಜನಕದ ಮೀಟರ್ ಇಟ್ಟು ಗುಳ್ಳೆ ನಿಜವಾಗಿ ಬರುತ್ತಿದೆಯೇ ನೋಡಿ. ಈ ಮೀಟರ್ ಮೀನುಗಾರಿಕೆಯವರ ಬಳಿ, ಪರಿಸರ ವಿಭಾಗದವರ ಬಳಿ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಮ್ಯಾಂಗನೀಸ್: ಆಮ್ಲಜನಕ ಕೊಡುತ್ತದೆ ಎಂಬ ಮಾತನ್ನು ಲೆಕ್ಕ ಹಾಕಿ ನಂಬಿ

ಮ್ಯಾಂಗನೀಸ್ ಡೈಆಕ್ಸೈಡ್ ತಯಾರಿಸುವುದು ಎಲ್ಲಕ್ಕಿಂತ ಬೇಗ. ಮಿಲಿಲೀಟರಿಗೆ ಸುಮಾರು 3 ಮಿಲಿಗ್ರಾಂ ಇರುವ ಪೊಟ್ಯಾಸಿಯಂ ಪರ್ಮಾಂಗನೇಟ್ 18 ಮಿ.ಲೀ.ಗೆ, ಮಿಲಿಲೀಟರಿಗೆ 37 ಮಿಲಿಗ್ರಾಂ ಆಸುಪಾಸಿನ ಪಾಲಿಅಲೈಲಮೈನ್ ಹೈಡ್ರೋಕ್ಲೋರೈಡ್ ದ್ರಾವಣ 2 ಮಿ.ಲೀ. ಸೇರಿಸಿ ಕೋಣೆಯ ಉಷ್ಣತೆಯಲ್ಲೇ 15 ನಿಮಿಷ ಕಲಕಿದರೆ ನೇರಳೆ ಹೋಗಿ ಕಾಫಿ ಡಿಕಾಕ್ಷನ್ ಬಣ್ಣ ಬರುತ್ತದೆ. ನೇರಳೆ ಉಳಿದರೆ ಪರ್ಮಾಂಗನೇಟ್ ಉಳಿದಿದೆ ಎಂದರ್ಥ. ಉಳಿದ ಪಾಲಿಮರ್ ಧನ ಆವೇಶದ್ದು, ಕೋಶದ ಪೊರೆಗೆ ಕೇಡು. ಚೆನ್ನಾಗಿ ತೊಳೆಯುವುದಲ್ಲದೆ ಪಾಲಿಮರ್ ಒಂದನ್ನೇ ಹಾಕಿದ ಕಂಟ್ರೋಲ್ ಇಡಿ. ಇಲ್ಲದಿದ್ದರೆ ಪಾಲಿಮರಿನ ವಿಷವನ್ನು ಮ್ಯಾಂಗನೀಸಿನ ಖಾತೆಗೆ ಬರೆಯುತ್ತೀರಿ.

"ಪೆರಾಕ್ಸೈಡನ್ನು ಆಮ್ಲಜನಕ ಮಾಡಿ ಗಾಯಕ್ಕೆ ಉಣಿಸುತ್ತದೆ" ಎಂಬುದು ಇದರ ಹೆಗ್ಗಳಿಕೆ. ಲೆಕ್ಕ ನೋಡಿ. ಕೆಟಲೇಸ್ ದಾರಿಯಲ್ಲಿ ಎರಡು ಪೆರಾಕ್ಸೈಡಿಗೆ ಒಂದು ಆಮ್ಲಜನಕ. ಗಾಯದಲ್ಲಿ ಪೆರಾಕ್ಸೈಡ್ 100 ಮೈಕ್ರೊಮೋಲಾರ್ ಇದೆ ಎಂದು ಉದಾರವಾಗಿ ಹಿಡಿದರೂ ಬರುವುದು 50 ಮೈಕ್ರೊಮೋಲಾರ್. ಗಾಳಿಗೆ ತೆರೆದಿಟ್ಟ ನೀರೇ 37 ಡಿಗ್ರಿಯಲ್ಲಿ 200 ಮೈಕ್ರೊಮೋಲಾರಿನಷ್ಟು ಆಮ್ಲಜನಕ ಹಿಡಿದಿರುತ್ತದೆ. ಪೆರಾಕ್ಸೈಡ್ ತೆಗೆದದ್ದು ಲಾಭ. ಆಮ್ಲಜನಕ ಉಣಿಸಿದ್ದು ಬಾಯಿಮಾತಿನ ಲಾಭ. ಲ್ಯಾಬಿನಲ್ಲಿ ಗುಳ್ಳೆ ಬುಸುಬುಸು ಬರುವುದು ಅಲ್ಲಿ ಮಿಲಿಮೋಲಾರುಗಟ್ಟಲೆ ಪೆರಾಕ್ಸೈಡ್ ಸುರಿದಿರುವುದರಿಂದ. ಆ ಗುಳ್ಳೆಗಳು ಜೆಲ್ಲಿನೊಳಗೇ ಹುಟ್ಟಿದರೆ ಜೆಲ್ ಇಡ್ಲಿಯಂತೆ ತೂತು ಬಿದ್ದು ಬಲ ಕಳೆದುಕೊಳ್ಳುತ್ತದೆ.

ಹುಳಿ ವಾತಾವರಣದಲ್ಲಿ ಡೈಆಕ್ಸೈಡ್ ಪೆರಾಕ್ಸೈಡಿನ ಜೊತೆ ತಾನೂ ಕರಗಿ ಮ್ಯಾಂಗನೀಸ್ ಅಯಾನಾಗುತ್ತದೆ. ಅಲ್ಲಿ ಅದು ವೇಗವರ್ಧಕವಲ್ಲ, ಖರ್ಚಾಗುವ ಸರಕು. ಬಿಡುಗಡೆಯಾದ ಅಯಾನು ಸ್ವಲ್ಪವಿದ್ದರೆ ಮೂಳೆ ಕೋಶಕ್ಕೆ ಹಿತವಿರಬಹುದು, ಅತಿಯಾದ ಮ್ಯಾಂಗನೀಸ್ ನರಮಂಡಲಕ್ಕೆ ವಿಷ ಎನ್ನುವುದು ಗಣಿ ಕಾರ್ಮಿಕರಿಂದಲೇ ಬಂದ ಹಳೆಯ ತಿಳಿವಳಿಕೆ. ದೀರ್ಘಕಾಲ ಕೆಲಸ ಬೇಕಿದ್ದರೆ ಮ್ಯಾಂಗನೀಸಿನ ಇನ್ನೊಂದು ಆಕ್ಸೈಡ್ ನೋಡಬಹುದು: ಮೂರು ಮ್ಯಾಂಗನೀಸಿಗೆ ನಾಲ್ಕು ಆಮ್ಲಜನಕ ಇರುವುದು. ಡಿಸ್ಮ್ಯುಟೇಸ್, ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮೂರರ ಗುಣವನ್ನೂ ಇದು ತೋರಿಸುತ್ತದೆ ಎಂದು 2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಅವರ ತಂಡ ವರದಿ ಮಾಡಿದೆ.

ಪ್ರಶ್ಯನ್ ಬ್ಲೂ: ಸುಲಭ, ಸುರಕ್ಷಿತ ಹೆಸರು, ಆದರೆ ಕ್ಷಾರ ಕಂಡರಾಗದು

ಬಟ್ಟೆ, ಬಣ್ಣದ ಲೋಕದಿಂದ ಬಂದ ಈ ನೀಲಿ, ಸೀಸಿಯಂ ಮತ್ತು ಥ್ಯಾಲಿಯಂ ವಿಷಕ್ಕೆ ನುಂಗುವ ಔಷಧಿಯಾಗಿ 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದೆ. ಎಥಿಕ್ಸ್ ಸಮಿತಿಯ ಮುಂದೆ ಈ ವಾಕ್ಯ ನೆರವಾಗುತ್ತದೆ. ಆದರೆ ನುಂಗಲು ಸುರಕ್ಷಿತ ಎಂದರೆ ಮೂಳೆಯೊಳಗೆ ಇಡಲೂ ಸುರಕ್ಷಿತ ಎಂದಲ್ಲ.

ತಯಾರಿ: ಫೆರಿಕ್ ಕ್ಲೋರೈಡ್ 1 ಮಿಲಿಮೋಲಾರ್ 20 ಮಿ.ಲೀ., ಪೊಟ್ಯಾಸಿಯಂ ಫೆರೊಸಯನೈಡ್ 1 ಮಿಲಿಮೋಲಾರ್ 20 ಮಿ.ಲೀ., ಎರಡರಲ್ಲೂ ಸಿಟ್ರಿಕ್ ಆಮ್ಲ ಸುಮಾರು 100 ಮಿಲಿಗ್ರಾಂ. 60 ಡಿಗ್ರಿಯಲ್ಲಿ ಒಂದಕ್ಕೆ ಇನ್ನೊಂದನ್ನು ನಿಧಾನ ಸೇರಿಸಿದರೆ ತಿಳಿಯಾದ ನೀಲಿ ದ್ರಾವಣ. 20 ಮಿ.ಲೀ.ಗೆ ಬೇಕಾದ ಫೆರಿಕ್ ಕ್ಲೋರೈಡ್ ಕೇವಲ 5.4 ಮಿಲಿಗ್ರಾಂ, ಅದನ್ನು ಕಾಲೇಜಿನ ತಕ್ಕಡಿಯಲ್ಲಿ ನೇರ ತೂಗಲು ಹೋಗಬೇಡಿ. ಹತ್ತು ಪಟ್ಟು ಗಟ್ಟಿ ಸ್ಟಾಕ್ ಮಾಡಿ: 100 ಮಿ.ಲೀ.ಗೆ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 270 ಮಿಲಿಗ್ರಾಂ, ಫೆರೊಸಯನೈಡ್ ಟ್ರೈಹೈಡ್ರೇಟ್ 422 ಮಿಲಿಗ್ರಾಂ. ಸಿಟ್ರಿಕ್ ಆಮ್ಲ ಮರೆತರೆ ಕಣಗಳು ಕೂಡಿಕೊಂಡು ತಳಕ್ಕೆ ಕೂರುತ್ತವೆ. ಉಳಿಕೆಯನ್ನು ಗಟ್ಟಿ ಆಮ್ಲದ ಡಬ್ಬಿಗೆ ಸುರಿಯಬಾರದು. ಬಲವಾದ ಆಮ್ಲ ಮತ್ತು ಕಾವು ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ. ಬೇರೆ ಡಬ್ಬಿ, ದೊಡ್ಡ ಅಕ್ಷರದಲ್ಲಿ ಚೀಟಿ.

ಇದರ ದೌರ್ಬಲ್ಯ ಕ್ಷಾರ. ಪಿಎಚ್ ಏರಿದರೆ ನೀಲಿ ಮಾಸಿ ಕಂದು ಕಬ್ಬಿಣದ ಹೈಡ್ರಾಕ್ಸೈಡ್ ಉಳಿಯುತ್ತದೆ. 45ಎಸ್5 ಬಯೋಆಕ್ಟಿವ್ ಗ್ಲಾಸಿನಲ್ಲಿ ಸೋಡಿಯಂ ಆಕ್ಸೈಡೇ ತೂಕದಲ್ಲಿ ನೂರಕ್ಕೆ 24.5 ಇದೆ; ನೀರಿಗೆ ಬಿದ್ದ ಕೂಡಲೇ ಸುತ್ತಲಿನ ಪಿಎಚ್ಚನ್ನು ಮೇಲಕ್ಕೆ ಎಳೆಯುತ್ತದೆ. ಈ ಎರಡನ್ನು ಒಂದೇ ಸ್ಕ್ಯಾಫೋಲ್ಡಿನಲ್ಲಿ (ಕೋಶ ಬೆಳೆಯಲು ಇಡುವ ಚೌಕಟ್ಟು) ಕೂಡಿಸುವ ಸಿನಾಪ್ಸಿಸ್ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಬೀಕರಿನಲ್ಲಿ ಮೂರನೇ ದಿನ ತುಕ್ಕಿನ ಬಣ್ಣ. ಗ್ಲಾಸೇ ಬೇಕೆಂದಿದ್ದರೆ ಸೀರಿಯಾ ಹಿಡಿಯಿರಿ. ಪ್ರಶ್ಯನ್ ಬ್ಲೂವೇ ಬೇಕಿದ್ದರೆ ತಟಸ್ಥ ಜೆಲ್ ಹಿಡಿಯಿರಿ. 700 ನ್ಯಾನೊಮೀಟರ್ ಆಸುಪಾಸಿನ ಹೀರಿಕೆಯನ್ನು ದಿನವೂ ಓದಿದರೆ ನೀಲಿ ಎಷ್ಟು ಉಳಿದಿದೆ ಎಂಬುದು ಅಗ್ಗದ ಕಲರಿಮೀಟರಿನಲ್ಲೂ ತಿಳಿಯುತ್ತದೆ. ದೊಡ್ಡ ಉಪಕರಣವಿಲ್ಲದ ಕಾಲೇಜಿಗೆ ಇದು ಸಣ್ಣ ಲಾಭವಲ್ಲ.

ಅಸಲಿ ಕಿಣ್ವವನ್ನೇ ಬಳಸಿದರೆ?

ಆಲ್ಕಲೈನ್ ಫಾಸ್ಫಟೇಸ್ ಮಾಡುವ ಕೆಲಸ ಬೇರೆ ಜಾತಿಯದು. ಖನಿಜ ಕೂಡುವುದನ್ನು ತಡೆಯುವ ಪೈರೊಫಾಸ್ಫೇಟನ್ನು ಒಡೆದು, ಖನಿಜಕ್ಕೆ ಬೇಕಾದ ಫಾಸ್ಫೇಟನ್ನು ಬಿಡುಗಡೆ ಮಾಡುತ್ತದೆ. ಈ ಕಿಣ್ವದ ಕೊರತೆಯಿಂದ ಬರುವ ಹೈಪೊಫಾಸ್ಫಟೇಸಿಯಾದಲ್ಲಿ ಮೂಳೆ ಮೆದುವಾಗಿ ಉಳಿಯುತ್ತದೆ. ಅದಕ್ಕೆ ಕಿಣ್ವವನ್ನೇ ಚುಚ್ಚುಮದ್ದಾಗಿ ಕೊಡುವ ಆಸ್ಫೊಟೇಸ್ ಆಲ್ಫಾ 2015ರಲ್ಲಿ ಅನುಮತಿ ಪಡೆಯಿತು. ಉರಿಯೂತ ಇಳಿದಿದೆ, ಮೆತ್ತನೆಯ ಅಂಗಾಂಶ ಬಂದಿದೆ, ಸುಣ್ಣ ಕೂಡುತ್ತಿಲ್ಲ ಎನ್ನುವ ಮಾದರಿಗೆ ಇದು ಸರಿ.

ಆದರೆ ಕಿಣ್ವ ಸುಕುಮಾರ. ಆಟೊಕ್ಲೇವ್ ಮಾಡಿದರೆ ಸತ್ತಿತು. ಫ್ರೀಜರಿನಲ್ಲಿಟ್ಟ ಬಾಟಲಿ ಮಳೆಗಾಲದ ಕರೆಂಟ್ ಕಣ್ಣುಮುಚ್ಚಾಲೆಗೆ ಕರಗಿ ಹೆಪ್ಪುಗಟ್ಟಿ ಮಾಡುತ್ತಾ ಗುಣ ಕಳೆದುಕೊಳ್ಳುತ್ತದೆ. ತಂದ ದಿನವೇ ಸಣ್ಣ ಪಾಲುಗಳಾಗಿ ಹಂಚಿಡಿ. ಲೋಹ ಹಿಡಿಯುವ ಇಡಿಟಿಎ ಅದರ ಸತುವನ್ನು ಕಿತ್ತುಕೊಳ್ಳುತ್ತದೆ, ಫಾಸ್ಫೇಟ್ ಬಫರ್ ಕಿಣ್ವದ ಕೆಲಸವನ್ನೇ ತಡೆಯುತ್ತದೆ, ಹಾಗಾಗಿ ಟ್ರಿಸ್ ಬಳಸಿ. ಪ್ಯಾರಾ ನೈಟ್ರೊಫೀನೈಲ್ ಫಾಸ್ಫೇಟ್ ಪರೀಕ್ಷೆಯ ಹಳದಿಯನ್ನು 405 ನ್ಯಾನೊಮೀಟರಿನಲ್ಲಿ ಓದುವಾಗ ನೆನಪಿಡಿ: 0.18 ಎಂದರೆ ಸುಮಾರು 10 ಮೈಕ್ರೊಮೋಲಾರ್, ಅದೂ ಕ್ಷಾರದಲ್ಲಿ ಮಾತ್ರ. ಪಿಎಚ್ 10ರಲ್ಲಿ ಅಳೆದು 7.4ರ ಮಾತು ಆಡಬೇಡಿ. ಸೀರಿಯಾ ಫಾಸ್ಫಟೇಸಿನಂತೆಯೂ ವರ್ತಿಸುತ್ತದೆ ಎಂಬುದು ನಿಜವೇ, ಆದರೆ ಬಿಡುಗಡೆಯಾದ ಫಾಸ್ಫೇಟ್ ಅದರ ಮೈಗೇ ಅಂಟಿ ಮುಂದಿನ ಸುತ್ತನ್ನು ನಿಧಾನ ಮಾಡುತ್ತದೆ. ಈ ಒಂದು ಕೆಲಸಕ್ಕೆ ಅಸಲಿಯೇ ಮೇಲು.

ಮೀಡಿಯಮ್ಮೇ ಜಗಳಕ್ಕೆ ನಿಂತಾಗ

ಮೂಳೆ ಕೋಶ ಬೆಳೆಸುವ ಮೀಡಿಯಮ್ಮಿಗೆ ಎಲ್ಲರೂ ಹಾಕುವುದು ಮೂರು: ಬೀಟಾ ಗ್ಲಿಸರೊಫಾಸ್ಫೇಟ್ 10 ಮಿಲಿಮೋಲಾರ್, ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಮಿಲಿಲೀಟರಿಗೆ 50 ಮೈಕ್ರೊಗ್ರಾಂ, ಡೆಕ್ಸಮೆಥಸೋನ್ 100 ನ್ಯಾನೊಮೋಲಾರ್. ಇವನ್ನು ಕೋಶದ ಕಣ್ಣಿನಿಂದ ಮಾತ್ರ ನೋಡುತ್ತೇವೆ, ಪುಡಿಯ ಕಣ್ಣಿನಿಂದ ನೋಡುವುದಿಲ್ಲ.

ಆಸ್ಕಾರ್ಬಿಕ್ ಆಮ್ಲ 50 ಮೈಕ್ರೊಗ್ರಾಂ ಎಂದರೆ 284 ಮೈಕ್ರೊಮೋಲಾರ್. ಮ್ಯಾಂಗನೀಸ್ ಡೈಆಕ್ಸೈಡ್ ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಎಂದರೆ 115 ಮೈಕ್ರೊಮೋಲಾರ್. ಒಂದಕ್ಕೊಂದು ಎಂಬಂತೆ ವಿಟಮಿನ್ ಇದನ್ನು ಕರಗಿಸುತ್ತದೆ. ಅಂದರೆ ನಿಮ್ಮ ಡೋಸಿನ ಇಡೀ ಪುಡಿ ಕರಗಿಹೋಗಿ, ಆಮೇಲೂ ವಿಟಮಿನ್ ಮಿಕ್ಕಿರುತ್ತದೆ. ಇಪ್ಪತ್ತೊಂದನೇ ದಿನ ಕಾಣುವುದು ನ್ಯಾನೊಜೈಮಿನ ಪರಿಣಾಮವಲ್ಲ, ಮ್ಯಾಂಗನೀಸ್ ಉಪ್ಪಿನ ಪರಿಣಾಮ. ಅಷ್ಟೇ ಪ್ರಮಾಣದ ಮ್ಯಾಂಗನೀಸ್ ಕ್ಲೋರೈಡ್ ಹಾಕಿದ ಗುಂಪೊಂದು ಇರಲೇಬೇಕು. ಪ್ರಶ್ಯನ್ ಬ್ಲೂವಿನ ಬಣ್ಣವನ್ನೂ ಇದೇ ವಿಟಮಿನ್ ತೆಳುವಾಗಿಸುತ್ತದೆ. ಗ್ಲಿಸರೊಫಾಸ್ಫೇಟಿನಿಂದ ಬಿಡುಗಡೆಯಾಗುವ ಫಾಸ್ಫೇಟ್ ಸೀರಿಯಾ ಮೇಲೆ ಕೂರುತ್ತದೆ. ಆಸ್ಕಾರ್ಬಿಕ್ ಆಮ್ಲದ ಬದಲು ಅದರ ಫಾಸ್ಫೇಟ್ ರೂಪ ಬಳಸಿದರೆ ಜಗಳ ಸ್ವಲ್ಪ ಕಡಿಮೆ.

ಕೋಶದ ಆಯ್ಕೆಯಲ್ಲೂ ಎಚ್ಚರ. ಎಂಜಿ-63 ಅಗ್ಗ, ಬೇಗ ಬೆಳೆಯುತ್ತದೆ. ಆದರೆ ಅದು ಮೂಳೆ ಕ್ಯಾನ್ಸರಿನ ಕೋಶ, ಪೆರಾಕ್ಸೈಡನ್ನು ತಡೆದುಕೊಳ್ಳುವ ರೀತಿಯೇ ಬೇರೆ. ಸುಂಡಿಲಿಯ ಮೂಳೆ ಕಟ್ಟುವ ಕೋಶವಾದ ಎಂಸಿ3ಟಿ3-ಇ1 ಸೂಕ್ತ. ಎರಡನ್ನೂ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಬದುಕಿರುವ ಕೋಶ ಎಷ್ಟೆಂದು ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಬಣ್ಣದ ಪುಡಿ 570 ನ್ಯಾನೊಮೀಟರಿನಲ್ಲಿ ತಾನೂ ಓದಿಗೆ ಸೇರಿಕೊಳ್ಳುತ್ತದೆ. ಒಳಗಿನ ಆಕ್ಸಿಡೆಂಟ್ ಅಳೆಯುವ ಡೈಕ್ಲೋರೊಫ್ಲೋರೆಸೀನ್ ಬಣ್ಣವನ್ನು ಪೆರಾಕ್ಸಿಡೇಸ್ ಗುಣದ ಪುಡಿ ನೇರವಾಗಿ ಹೊಳೆಯಿಸಿಬಿಡುತ್ತದೆ. ಕೂಡಿದ ಕ್ಯಾಲ್ಸಿಯಂ ತೋರಿಸುವ ಅಲಿಜರಿನ್ ರೆಡ್ ಬಣ್ಣ ಕ್ಯಾಲ್ಸಿಯಂ ಫಾಸ್ಫೇಟ್ ಸ್ಕ್ಯಾಫೋಲ್ಡಿಗೆ ಕೋಶವಿಲ್ಲದೆಯೂ ಅಂಟುತ್ತದೆ. ಮೂರಕ್ಕೂ ಮದ್ದು ಒಂದೇ: ಕೋಶವಿಲ್ಲದ, ಪುಡಿ ಮಾತ್ರ ಇರುವ ಗುಂಡಿಗಳು (ಪ್ಲೇಟಿನ ವೆಲ್‌ಗಳು). ಐಎಸ್‌ಒ 10993-5 ಎಂಬ ಕೋಶವಿಷ ಪರೀಕ್ಷೆಯ ಮಾನದಂಡದ ಪ್ರಕಾರ ಬದುಕುಳಿದ ಕೋಶ ನೂರಕ್ಕೆ 70ಕ್ಕಿಂತ ಇಳಿದರೆ ಅದು ವಿಷಕಾರಿ. ಈ ಖಾಲಿ ಗುಂಡಿಗಳ ಓದನ್ನು ಕಳೆಯದೆ ಆ 70ಕ್ಕೆ ಅರ್ಥವೇ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಸಕ್ಕರೆ ಕಾಯಿಲೆ ಅಥವಾ ಉರಿಯೂತದ ಮಾದರಿ, ಸೋಂಕಿಲ್ಲ, ಕಾಲೇಜಿನಲ್ಲಿ ಯುವಿ ಸ್ಪೆಕ್ಟ್ರೊಫೋಟೋಮೀಟರ್ ಮತ್ತು ಸೆಂಟ್ರಿಫ್ಯೂಜ್ ಇದೆ, ಎಕ್ಸ್‌ಪಿಎಸ್‌ಗೆ (ಮೂರರ, ನಾಲ್ಕರ ಸೀರಿಯಂ ಪಾಲು ತಿಳಿಸುವ ಪರೀಕ್ಷೆ) ಒಂದೆರಡು ಸ್ಯಾಂಪಲ್ ಬೆಂಗಳೂರಿಗೆ ಕಳಿಸಬಲ್ಲಿರಿ ಎಂದಾದರೆ ಸೀರಿಯಾ, ಜೆಲಟಿನ್ ಅಥವಾ ಕೈಟೋಸಾನ್ ಜೆಲ್ಲಿನಲ್ಲಿ. ಕೈಟೋಸಾನ್ ಆದರೆ ನೂರಕ್ಕೆ 2ರ ದ್ರಾವಣ, ನೂರಕ್ಕೆ 1ರ ಅಸಿಟಿಕ್ ಆಮ್ಲದಲ್ಲಿ. ಪುಡಿ ಹಾಕುವ ಮುಂಚೆ ಹುಳಿ ತೆಗೆಯಿರಿ, ಏಕೆಂದರೆ ಹುಳಿಯಲ್ಲಿ ಸೀರಿಯಾ ಆಕ್ಸಿಡೇಸ್ ವೇಷ ಹಾಕುತ್ತದೆ.

ಕಲರಿಮೀಟರ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಪ್ರಶ್ಯನ್ ಬ್ಲೂ. ಒಂದೇ ಸೆಮಿಸ್ಟರಿನ ಕಿರು ಪ್ರಾಜೆಕ್ಟಿಗೆ, ಪೆರಾಕ್ಸೈಡ್ ತೆಗೆಯುವುದನ್ನಷ್ಟೇ ತೋರಿಸಲು, ಮ್ಯಾಂಗನೀಸ್ ಡೈಆಕ್ಸೈಡ್ ಸಾಕು. ಸೋಂಕಿನ ಮೂಳೆ ಎಂದರೆ ಕಬ್ಬಿಣದ ಆಕ್ಸೈಡ್, ಮೈಕ್ರೊಬಯಾಲಜಿ ವಿಭಾಗದ ಒಪ್ಪಿಗೆ ಮೊದಲೇ ಸಿಕ್ಕಿದ್ದರೆ ಮಾತ್ರ. ಇಲಿಯ ತಲೆಬುರುಡೆಯ ಮಾದರಿ, ಸಾಮಾನ್ಯವಾಗಿ 8 ಮಿಲಿಮೀಟರ್ ರಂಧ್ರ, ಬೇಕೆನ್ನುವವರು ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮತ್ತು ಮೈಕ್ರೊ ಸಿಟಿ ಸ್ಕ್ಯಾನ್ ಎಲ್ಲಿ ಸಿಗುತ್ತದೆ ಎಂಬುದನ್ನು ಖಚಿತ ಮಾಡಿಕೊಂಡ ಮೇಲೆಯೇ ಸಿನಾಪ್ಸಿಸ್ಸಿನಲ್ಲಿ ಬರೆಯಿರಿ. ಪ್ರಾಣಿ ಪ್ರಯೋಗವಿಲ್ಲದ ಥೀಸಿಸ್ ಕೀಳಲ್ಲ. ಅರ್ಧಕ್ಕೆ ನಿಂತ ಪ್ರಾಣಿ ಪ್ರಯೋಗಕ್ಕಿಂತ ಅದು ಮೇಲು.

ಆರಿಸಿದ್ದು ಯಾವುದೇ ಇರಲಿ, ಗೈಡ್ ಬಳಿ ಹೋಗುವ ಮುಂಚೆ ಮೂರು ದಿನದ ಒಂದು ಪರೀಕ್ಷೆ ಮಾಡಿ. ತೋಟದಲ್ಲಿ ಮೈಲುತುತ್ತ, ಸುಣ್ಣ ಕೂಡಿಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಹೊಳೆಯುವ ಕತ್ತಿ ಅದ್ದಿ ನೋಡುತ್ತಾರಲ್ಲ, ಕೆಂಪು ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದು. ಇಲ್ಲಿಯೂ ಬಿಡಿ ಲೋಹವನ್ನೇ ಹುಡುಕಬೇಕು. ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಪುಡಿಯನ್ನು ಪಿಎಚ್ 7.4ರ ಟ್ರಿಸ್‌ನಲ್ಲಿ, ಫಾಸ್ಫೇಟ್ ಸೇರಿಸಿದ ಟ್ರಿಸ್‌ನಲ್ಲಿ, ಮತ್ತು ನೀವು ಬಳಸಲಿರುವ ಮೀಡಿಯಮ್ಮಿನಲ್ಲಿ 37 ಡಿಗ್ರಿಗೆ ಇಡಿ. ದಿನಕ್ಕೊಂದು ಸಲ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಬೇರೆ, ಗಸಿಯನ್ನು ಬೇರೆ ತೆಗೆದು ಎರಡಕ್ಕೂ 10 ಮಿಲಿಮೋಲಾರ್ ಪೆರಾಕ್ಸೈಡ್ ಹಾಕಿ ಅಳೆಯಿರಿ. ಪೆರಾಕ್ಸೈಡನ್ನು ಅಂದಂದೇ ತಯಾರಿಸಿ: ನೂರಕ್ಕೆ 30ರ ಬಾಟಲಿ ಸುಮಾರು 9.8 ಮೋಲಾರ್, 100 ಮಿ.ಲೀ.ಗೆ 102 ಮೈಕ್ರೊಲೀಟರ್ ಸಾಕು. ಬಾಟಲಿ ಹಳೆಯದಾದರೆ 240 ನ್ಯಾನೊಮೀಟರಿನ ಓದು 0.436ಕ್ಕಿಂತ ಕೆಳಗಿರುತ್ತದೆ, ಆಗ ಅದಕ್ಕೆ ತಕ್ಕಂತೆ ಹೆಚ್ಚು ಹಾಕಿ. ಕೆಲಸ ತಿಳಿಯಲ್ಲೇ ನಡೆಯುತ್ತಿದ್ದರೆ ನಿಮ್ಮ ಕೈಯಲ್ಲಿರುವುದು ಕರಗಿದ ಲೋಹದ ಉಪ್ಪು. ಗಸಿಯಲ್ಲಿ ನಡೆದು ಮೂರನೇ ದಿನವೂ ಮೊದಲಿನ ಗುಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಆ ಪುಡಿಯ ಮೇಲೆ ಎರಡು ವರ್ಷ ಹಾಕಬಹುದು.